ಕಾರ್ಡಣ್ಣ

ಯಲ್ದೂರಿನ ಬಸ್ ಸ್ಟಾಂಡಿನಲ್ಲಿ ಇಳಿದು ಕಾರ್ಡಣ್ಣನ ಮನೆ ಎಲ್ಲಿ ಎಂದು ಕೇಳಿದರೆ ಟೀ ಅಂಗಡಿಯವನು ದಾರಿ ಹೇಳುವುದಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಾನೆ: "ಯಾವ ಕಾರ್ಡು?" ರೇಷನ್ನು, ಆಧಾರು ಅಂದವರನ್ನು ನಾಡಕಚೇರಿ ಕಡೆಗೆ ಅಟ್ಟುತ್ತಾನೆ. ಇಷ್ಟು ಕಾವಲಿದ್ದರೂ ತಿಂಗಳಿಗೊಬ್ಬರಾದರೂ ಜೆರಾಕ್ಸ್ ಕಾಪಿ ಹಿಡಿದು ಕಾರ್ಡಣ್ಣನ ಜಗಲಿ ಹತ್ತಿಬಿಡುತ್ತಾರೆ. ಹೋದ ವರ್ಷ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಹಾಗೆ ಬಂದು ಕೂತರು. ಕಾರ್ಡಣ್ಣ ನೀರು ಕೊಟ್ಟು, ಡಬ್ಬ ತೆಗೆದು, ಅರ್ಧ ಗಂಟೆ ಒಂದೊಂದೇ ಕಾರ್ಡು ತೋರಿಸಿ ವಿವರಿಸಿದರು. ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ, "ಅದೆಲ್ಲ ಸರಿ ಸಾಮಿ, ನಮ್ಮ ಸೊಸೆ ಹೆಸರು ಯಾವಾಗ ಸೇರಿಸ್ತೀರಾ?" ಅಂದರು.

ಕಾರ್ಡಣ್ಣನ ಡಬ್ಬದಲ್ಲಿರುವುದು ಕ್ರಿಕೆಟ್ ಆಟಗಾರರು. ಹಳಬರು ಮಾತ್ರ. ಟಿ20 ಆಡಿದವರಿಗೆ ಆ ಡಬ್ಬಕ್ಕೆ ಪ್ರವೇಶವಿಲ್ಲ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಒಬ್ಬರು ತೂತಿನ ಕಾಸು ಕೂಡಿಡುತ್ತಾರೆ, ಇನ್ನೊಬ್ಬರು ಬೆಂಕಿಪೊಟ್ಟಣದ ಚಿತ್ರ. ನಮ್ಮ ಕಾರ್ಡಣ್ಣನ ರೋಗ ಶುರುವಾದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಬಿಗ್ ಫನ್ ಬಬಲ್ ಗಮ್ಮಿನಿಂದ. ಗಮ್ಮಿನ ಜೊತೆ ಆಟಗಾರನ ಚಿತ್ರ, ರನ್ನು, ವಿಕೆಟ್ಟು ಬರುತ್ತಿತ್ತು. ಕೂಡಿಸಿ ಕೊಟ್ಟರೆ ಒಂದು ಪುಟ್ಟ ಪುಸ್ತಕ. ಹೆಬ್ಬೆರಳಲ್ಲಿ ಹಾಳೆ ಸರ್ರನೆ ಹಾರಿಸಿದರೆ ಒಳಗಿನ ಆಟಗಾರ ಬ್ಯಾಟು ಬೀಸುತ್ತಿದ್ದ. ಊರಿನ ಹುಡುಗರೆಲ್ಲ ಪುಸ್ತಕಕ್ಕಾಗಿ ಚಿತ್ರ ಕೊಟ್ಟರು. ಇವರೊಬ್ಬರೇ ಚಿತ್ರ ಕೊಡಲು ಮನಸ್ಸು ಬಾರದೆ ಉಳಿಸಿಕೊಂಡರು. ದವಡೆ ನೋವು ಎಲ್ಲರಿಗೂ ಒಂದೇ.

ಈಗ ವಯಸ್ಸು ಐವತ್ತು ದಾಟಿದೆ. ಒಂದೂವರೆ ಎಕರೆ ಹಿಪ್ಪುನೇರಳೆ, ಹಿಂದೆ ಹುಳು ಸಾಕುವ ಮನೆ, ಬೇಲಿಯಂಚಿಗೆ ಇಪ್ಪತ್ತು ಮಾವಿನ ಮರ. ಬೇರೆ ಯಾವ ವಿಷಯದಲ್ಲೂ ಅಣ್ಣನ ಗಮನ ಎರಡು ನಿಮಿಷ ನಿಲ್ಲುವುದಿಲ್ಲ. ಮೋಟಾರು ಹಾಕಿ ಮರೆಯುತ್ತಾರೆ. ಕೊತ್ತಂಬರಿ ಸೊಪ್ಪಿಗೆ ಹೋದವರು ಗುಜರಿ ಅಂಗಡಿಯಿಂದ ಹಳೇ ಪತ್ರಿಕೆಯ ಕಟ್ಟು ಹೊತ್ತು ಬರುತ್ತಾರೆ. ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಮೊದಲೇ ಎದ್ದು, ಊಟಕ್ಕೆ ತಡವಾಗಿ ಕೂತು, ಯಾರದೋ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ.

ಡಬ್ಬದ ಮುಂದೆ ಕೂತಾಗ ನೋಡಬೇಕು. ಕೈಕಾಲು ತೊಳೆದು, ಟವೆಲ್ಲಿನಲ್ಲಿ ಬೆರಳ ಸಂದಿಯ ಪಸೆ ಒರೆಸಿ, ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಇಟ್ಟು, ಚಾಪೆ ಹಾಸಿ ಕೂರುತ್ತಾರೆ. ಆಮೇಲೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲು ರಾತ್ರಿ ಸೊಪ್ಪು ಮೇಯುವ ದಿನಗಳಲ್ಲಿ ಅಣ್ಣನ ಹೆಂಡತಿ, ನಮ್ಮ ಅಕ್ಕ, ಒಬ್ಬರೇ ಹೊರೆ ಹೊರೆ ಸೊಪ್ಪು ಹೊತ್ತು ಹಾಕಬೇಕು. "ಹುಳಕ್ಕೆ ನಾಕೇ ಜ್ವರ, ನಮ್ಮೆಜಮಾನ್ರಿಗೆ ಮುನ್ನೂರರವತ್ತೈದು ದಿನವೂ ಜ್ವರ" ಎಂದು ಕನ್ನಡದಲ್ಲಿ ಹೇಳಿ, ಕೋಪ ಏರಿದಾಗ ತೆಲುಗಿಗೆ ಹೊರಳುತ್ತಾರೆ: "ಈಯನಕಿ ವೇರೆ ಪನಿ ಲೇದು," ಇವರಿಗೆ ಬೇರೆ ಕೆಲಸವಿಲ್ಲ ಅಂತ. ನಮ್ಮ ಕಡೆ ಬೈಗುಳಕ್ಕೆ ಎರಡು ಭಾಷೆಯಾದರೂ ಬೇಕು.

ಎಲ್ಲ ಕಾರ್ಡೂ ಅಚ್ಚಾಗಿ ಬಂದವಲ್ಲ. ಹಳಬರಲ್ಲಿ ಅನೇಕರನ್ನು ಅಣ್ಣ ಪತ್ರಿಕೆಯಿಂದ ಕತ್ತರಿಸಿ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿದ್ದಾರೆ. ಹಾಗಾಗಿ ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂದೆ ಬಿ.ಎಸ್. ಚಂದ್ರಶೇಖರ್ ಓಡಿ ಬರುತ್ತಿದ್ದಾರೆ. ಹಿಂದೆ ಅರ್ಧ ಕತ್ತರಿಸಿದ ಒಕ್ಕಣೆ, 'ಉಡುಗೊರೆಯ ಹೊರತು ತಮ್ಮ ಆಶೀರ್ವಾದವೇ'. ಅದರ ಕೆಳಗೆ ಅಣ್ಣನ ದುಂಡು ಅಕ್ಷರ: ಟೆಸ್ಟ್ 58, ವಿಕೆಟ್ 242, ರನ್ 167.

"ತಪ್ಪಾಗಿ ಬರೆದಿದ್ದೀರಾ ಅಣ್ಣ, ಅದಲು ಬದಲಾಗಿದೆ" ಅಂದೆ.

"ಅದೇ ಸರಿ ಕಣಪ್ಪ. ಹೊಡೆದ ರನ್ನಿಗಿಂತ ತೆಗೆದ ವಿಕೆಟ್ಟೇ ಜಾಸ್ತಿ!" ಎಂದು ತೊಡೆ ತಟ್ಟಿಕೊಂಡರು. ಆಮೇಲೆ ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯುವಂತಿರಲಿಲ್ಲ. ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈ, ಆ ಕೈಯಿಂದಲೇ ಎಸೆದ ಗೂಗ್ಲಿ, 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಕಂಬಳಿ ಸುತ್ತಿದ್ದು, ಆ ನೆಲದಲ್ಲಿ ನಮಗೆ ಮೊದಲ ಟೆಸ್ಟ್ ಗೆಲುವು. ಮುಂದೆ ಆಸ್ಟ್ರೇಲಿಯಾಕ್ಕೆ ಹೋದಾಗ ಸೊನ್ನೆಯ ಮೇಲೆ ಸೊನ್ನೆ ಸುತ್ತಿದ್ದಕ್ಕೆ ಅವರಿಗೆ ನಡುವೆ ತೂತು ಕೊರೆದ ಬ್ಯಾಟನ್ನು ಉಡುಗೊರೆ ಕೊಟ್ಟರಂತೆ. "ಆ ಬ್ಯಾಟು ಎಲ್ಲಾದರೂ ಗುಜರಿಗೆ ಬಂದರೆ ಹೇಳು" ಎಂದರು. ತಮಾಷೆಗೆ ಹೇಳಿದ್ದಲ್ಲ.

ಗುಂಡಪ್ಪ ವಿಶ್ವನಾಥ್ ಕಾರ್ಡಿನ ಕತೆ ಬೇರೆ. ಒಂದು ಮಾವಿನ ಕಾಲದಲ್ಲಿ ಅಕ್ಕ ಬಾದಾಮಿ ಹಣ್ಣಿಗೆ ಹಾಕುವಾಗ ಹುಲ್ಲಿನ ಜೊತೆ ಮಂಚದಡಿಯ ಪತ್ರಿಕೆಗಳನ್ನೂ ಹಾಸಿಬಿಟ್ಟರು. ನಾಲ್ಕು ದಿನ ಬಿಟ್ಟು ತೆಗೆದರೆ ವಿಶ್ವನಾಥರ ಸ್ಕ್ವೇರ್ ಕಟ್ಟಿನ ಮೇಲೆ ಹಣ್ಣೊಂದು ಒಡೆದು ಕೂತಿತ್ತು. ಗಂಡ ಹೆಂಡತಿ ಮಾತು ಬಿಟ್ಟರು. ಅಣ್ಣ ಆ ಹಾಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಕತ್ತರಿಸಿ ಅಂಟಿಸಿದರು. "ಕಾನ್ಪುರದಲ್ಲಿ ಮೊದಲ ಟೆಸ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೇದರಲ್ಲಿ 137. ಇವರೂ ಹಾಗೇ ಎದ್ದು ಬಂದರು ನೋಡು" ಎಂದು ಕಾರ್ಡನ್ನು ನನ್ನ ಮೂಗಿಗೆ ಹಿಡಿದರು. ಬಾದಾಮಿಯ ವಾಸನೆ ಇನ್ನೂ ಇದೆ ಎಂಬುದು ಅವರ ವಾದ. ನನಗೆ ಬಂದದ್ದು ನುಸಿಗುಳಿಗೆಯ ವಾಸನೆ, ಹೇಳಲಿಲ್ಲ.

2022ರಲ್ಲಿ ಒಂದು ಘನಕಾರ್ಯವಾಯಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣನ ತಮ್ಮನ ಮಗ ಮೊಬೈಲಿನಲ್ಲಿ ಸುದ್ದಿ ತೋರಿಸಿದ. ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಒಂದು ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ. ಅದನ್ನು ಅಚ್ಚು ಹಾಕಿದ ಟಾಪ್ಸ್ ಕಂಪನಿಯೂ ಬಬಲ್ ಗಮ್ ಮಾರುತ್ತಿದ್ದುದೇ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಆ ವರ್ಷದ ಕಾರ್ಡುಗಳನ್ನು ಅವರು ದೋಣಿಗೆ ತುಂಬಿ ಸಮುದ್ರಕ್ಕೆ ಸುರಿದಿದ್ದರು. ಇದನ್ನು ಕೇಳಿದ ಅಕ್ಕ ಸೊಪ್ಪಿನ ಹೊರೆ ಅಲ್ಲೇ ಇಳಿಸಿದರು. ಅದೇ ಸಂಜೆ ಡಬ್ಬ ಮಂಚದಡಿಯಿಂದ ಬೀರುವಿಗೆ, ರೇಷ್ಮೆ ಸೀರೆಗಳ ಪಕ್ಕಕ್ಕೆ ಬಡ್ತಿ ಪಡೆಯಿತು.

ಆ ವಾರ ಊರೆಲ್ಲ ಅಟ್ಟ ಹತ್ತಿತು. ಒಬ್ಬ ಕುಸ್ತಿ ಪೈಲ್ವಾನರ ಟ್ರಂಪ್ ಕಾರ್ಡು ತಂದ, ಒಬ್ಬ ಊದುಬತ್ತಿ ಪೊಟ್ಟಣದ ಲಕ್ಷ್ಮಿಯನ್ನು ತಂದ, ಮತ್ತೊಬ್ಬ ಅವಧಿ ಮುಗಿದ ಎಟಿಎಂ ಕಾರ್ಡು ತಂದ. ಅಮೆರಿಕದಲ್ಲಿ ಕಾರ್ಡಿನ ಮೂಲೆ ಎಷ್ಟು ಚೂಪಾಗಿದೆ ಎಂದು ಭೂತಗನ್ನಡಿ ಹಿಡಿದು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ, ಮ್ಯಾಂಟಲ್ ಕಾರ್ಡಿಗೆ ಬಂದದ್ದು ಒಂಬತ್ತೂವರೆ, ಎಂದು ಹುಡುಗ ವಿವರಿಸಿದ. ಅಣ್ಣ ತಮ್ಮ ಅರಿಶಿನದ ಮೂಲೆಗಳನ್ನು ಸವರಿಕೊಂಡು, "ನಮ್ಮದು ಶುಭಕಾರ್ಯದ್ದು, ಅಂಕ ಹಾಕಬಾರದು" ಎಂದರು. ಚಂದ್ರಶೇಖರ್ ಎಷ್ಟಕ್ಕೆ ಹೋಗಬಹುದು ಎಂದು ಯಾರೋ ಕೇಳಿದ್ದಕ್ಕೆ ಬಂದ ಉತ್ತರ ಊರಲ್ಲಿ ಈಗಲೂ ಓಡಾಡುತ್ತಿದೆ: "ಚಂದ್ರ ರನ್ನಿಗೇ ಓಡಿದವನಲ್ಲ, ದುಡ್ಡಿಗೆ ಓಡ್ತಾನಾ?"

ಹದಿನೈದು ದಿನ ಕಾದರೂ ಅಮೆರಿಕದಿಂದ ಯಾರೂ ಬರಲಿಲ್ಲ. ಡಬ್ಬ ಮಂಚದಡಿಗೆ ವಾಪಸಾಯಿತು.

ಅಣ್ಣನಿಗಿರುವ ಕೊರಗು ಒಂದೇ. 1983ರ ವಿಶ್ವಕಪ್ ತಂಡದ ಹದಿನಾಲ್ವರಲ್ಲಿ ಹದಿಮೂರು ಜನ ಡಬ್ಬದಲ್ಲಿದ್ದಾರೆ. ಹದಿನೆಂಟು ವಿಕೆಟ್ ತೆಗೆದ ನಮ್ಮ ರೋಜರ್ ಬಿನ್ನಿ ಎರಡೆರಡು ಇದ್ದಾರೆ. ಇಲ್ಲದವರು ಸುನಿಲ್ ವಾಲ್ಸನ್. ಎಡಗೈ ವೇಗಿ, ಅಷ್ಟೂ ಪಂದ್ಯಗಳಲ್ಲಿ ಒಂದನ್ನೂ ಆಡಲಿಲ್ಲ, ಆಮೇಲೂ ಭಾರತಕ್ಕೆ ಆಡುವ ಯೋಗ ಬರಲಿಲ್ಲ. ಆಡದವರ ಚಿತ್ರವನ್ನು ಗಮ್ಮಿನೊಳಗೆ ಯಾರು ಹಾಕುತ್ತಾರೆ? ಅಣ್ಣ ಕೋಲಾರ, ಚಿಂತಾಮಣಿಯ ಹಳೇ ಪೇಪರ್ ಅಂಗಡಿ ಜಾಲಾಡಿದ್ದಾರೆ, ಬೆಂಗಳೂರಿನ ಅವೆನ್ಯೂ ರಸ್ತೆಗೆ ನಾಲ್ಕು ಸಲ ಹೋಗಿದ್ದಾರೆ. ತಮ್ಮನ ಮಗ ಒಂದು ನಿಮಿಷದಲ್ಲಿ ಕಲರ್ ಪ್ರಿಂಟ್ ತೆಗೆದುಕೊಡುತ್ತೇನೆಂದ. "ಅದು ತೆಗೆದದ್ದು, ಸಿಕ್ಕಿದ್ದಲ್ಲ. ಆ ಕಾಲದ ಕಾಗದವೇ ಬೇಕು" ಎಂದುಬಿಟ್ಟರು. ಡಬ್ಬದಲ್ಲಿ ಹದಿನಾಲ್ಕನೇ ಜಾಗಕ್ಕೆ ಅಳತೆಗೆ ಸರಿಯಾಗಿ ಕತ್ತರಿಸಿದ ಖಾಲಿ ಲಗ್ನಪತ್ರಿಕೆ ಇಟ್ಟಿದ್ದಾರೆ. ಅದು ಅವರದೇ ಮದುವೆಯದು. ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ 1983ರ ಪತ್ರಿಕೆಗಳ ಕಟ್ಟು ಇದ್ದರೆ, ಹಣ್ಣಿಗೆ ಹಾಸುವ ಮುನ್ನ ಒಮ್ಮೆ ತಿರುವಿ ಹಾಕಿ. ತಂಡದ ಫೋಟೋ ಆದರೂ ಆದೀತು, ಮುಖ ಸ್ಪಷ್ಟವಿದ್ದರೆ ಸಾಕು. ಸಿಕ್ಕರೆ ಯಲ್ದೂರಿಗೆ ಬನ್ನಿ, ಬಸ್ ಸ್ಟಾಂಡಿನಲ್ಲಿ ಟೀ ಅಂಗಡಿಯವನು "ಯಾವ ಕಾರ್ಡು?" ಅಂದಾಗ ವಾಲ್ಸನ್ ಅನ್ನಿ. ಜೆರಾಕ್ಸ್ ತರಬೇಡಿ.