ಅಪ್ಪಯ್ಯನ ಮೂರು ಬ್ಯಾಂಕು

ಕುಂದಾಪುರದ ಮನೆ ಜಗಲಿಯಲ್ಲಿ ಅಪ್ಪಯ್ಯ ಎಲೆ-ಅಡಿಕೆ ಹರಿವಾಣ ಎಳೆದುಕೊಂಡರೆಂದರೆ ಮಗನಿಗೆ ಗೊತ್ತು, ಇನ್ನು ಬ್ಯಾಂಕಿನ ಪುರಾಣ. ಮುಂಬೈ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರಿಗೆ ಅದೊಂದೇ ಕೊರಗು.

"ಸಿಂಡಿಕೇಟ್ ಬ್ಯಾಂಕ್ ಸೇರಿದ್ರೆ ನಾನ್ ಈಗ ರಾಜ, ಕಾಣ್."

"ಅದ್ 2020ರ ಏಪ್ರಿಲ್ 1ಕ್ಕೆ ಕೆನರಾದ ಹೊಟ್ಟಿ ಸೇರ್ತಲ್ದಾ, ಅಪ್ಪಯ್ಯ?"

"ಕಾರ್ಪೊರೇಷನ್ ಬ್ಯಾಂಕ್? 1906ರದ್ದ್, ಉಡುಪಿಯದ್ದ್!"

"ಅದೂ ಅವತ್ತೇ ಯೂನಿಯನ್ ಬ್ಯಾಂಕಿಗೆ."

"ವಿಜಯಾ ಬ್ಯಾಂಕ್?"

"ಒಂದ್ ವರ್ಷ ಮೊದ್ಲೇ ಬರೋಡಾಕ್ಕೆ. ಅದೂ ಏಪ್ರಿಲ್ 1ಕ್ಕೇ."

ಅಡಕತ್ತರಿ ಅರ್ಧದಲ್ಲೇ ನಿಂತಿತು. ಬ್ಯಾಂಕುಗಳ ತವರೆಂದು ಹೆಸರಾದ ಅವಿಭಜಿತ ದಕ್ಷಿಣ ಕನ್ನಡದ ಮೂರು ಬೋರ್ಡುಗಳು ಒಂದೇ ವರ್ಷದ ಅಂತರದಲ್ಲಿ ಇಳಿದಿದ್ದವು. ಅಪ್ಪಯ್ಯನ ಕೊರಗಿಗೆ ಮಾತ್ರ ವಿಲೀನದ ಆದೇಶ ಬಂದಿರಲಿಲ್ಲ.

ಸಮಯ ನೋಡಿ ಮಗ ಬಾಯಿಬಿಟ್ಟ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಡಗುತಿಟ್ಟಿನ ಯಕ್ಷಗಾನ ಮೇಳ ಸೇರಬೇಕಂತೆ.

ಅಪ್ಪಯ್ಯನಿಗೆ ಹುರುಪೇರಿತು. "ಧೈರ್ಯ ಬೇಕ್, ಮಾಣಿ! ಕೋಟದ ಕಾರಂತರ ಕಾಣ್. ಗಾಂಧೀಜಿ ಕರದ್ರ್ ಅಂದೇಳಿ ಕಾಲೇಜೇ ಬಿಟ್ರ್. 1977ರ ಜ್ಞಾನಪೀಠ ಬಂತಲ್ದಾ? ನಮ್ ಕೆರಾಡಿಯ ರಿಷಬ್ ಶೆಟ್ರ್ ನೀರಿನ ಕ್ಯಾನ್ ಮಾರದ್ರ್. ‘ಕಾಂತಾರ’ಕ್ಕೆ ರಾಷ್ಟ್ರಪ್ರಶಸ್ತಿ!"

"ಹಾಂಗಾರೆ ನಾಳೆ ರಾಜೀನಾಮೆ ಕೊಡ್ಲಾ?"

ಹರಿವಾಣ ಬದಿಗೆ ಸರಿಯಿತು. ದನಿ ತಗ್ಗಿತು.

"ಕೊಡ್. ಬೇಡ ಅಂದವ್ರ್ ಯಾರ್? ಆದ್ರೆ ಮೇಳದವ್ರತ್ರ ಮೊದ್ಲ್ ಕೇಂಡ್ಕೋ, ಪಿ.ಎಫ್. ಇತ್ತಾ? ಹತ್ತನಾವಧಿಗೆ ಗೆಜ್ಜೆ ಬಿಚ್ಚಿರ್ ಮೇಲೆ ಮಳ್ಗಾಲ ಪೂರಾ ಸಂಬ್ಳ ಬತ್ತಾ? ಮತ್ತೆ, ನಿನ್ನ ಫ್ಲ್ಯಾಟಿನ ಇ.ಎಂ.ಐ. ಯಾವ ಬ್ಯಾಂಕಂಗೆ ಇಪ್ಪುದ್?"