ಸೇಡಂ ಸೀಮೆಯ ವಿಳಾಸ ಕಡತ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಲಕ್ಷಗಟ್ಟಲೆ ವಿಳಾಸಗಳ ಮುಕ್ತ ದತ್ತಾಂಶವೊಂದನ್ನು ಇಳಿಸಿಕೊಂಡಿದ್ದೀರಿ. ಇನ್ನು ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆಗೆ ಸುರಿದುಬಿಟ್ಟರೆ ಚಿಂಚೋಳಿಯಿಂದ ಶಹಾಬಾದಿನವರೆಗೆ ಮನೆಮನೆಯೂ ನಕಾಶೆಗೆ ಬಂತು ಎಂದುಕೊಂಡಿದ್ದೀರಿ.

ಮೊದಲು ಕಡತ ತೆರೆಯಿರಿ. ಎಕ್ಸೆಲ್ 10,48,576ನೇ ಸಾಲಿಗೆ ಕೈಚೆಲ್ಲುತ್ತದೆ. ಅದರಾಚೆಯ ಊರುಗಳಿಗೆ ಬೇರೆ ಸಾಫ್ಟ್‌ವೇರ್ ಬೇಕು. ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆಯೇ ನೋಡಿ. ಸೇಡಂ ಇರುವುದು ಸುಮಾರು 17.2 ಉತ್ತರ, 77.3 ಪೂರ್ವದಲ್ಲಿ. ತಿರುವುಮುರುವಾದರೆ ತೊಗರಿ ಹೊಲವೆಲ್ಲ ನಾರ್ವೆಯ ಸ್ವಾಲ್ಬಾರ್ಡ್ ಹಿಮದ ಸೀಮೆಗೆ ಹೋಗಿ ಬೀಳುತ್ತದೆ. ಮೇ ತಿಂಗಳಲ್ಲಾದರೆ ಇಲ್ಲಿ ಯಾರೂ ತಕರಾರು ಮಾಡಲಿಕ್ಕಿಲ್ಲ, ಆದರೂ ಸರಿಪಡಿಸಿ.

ಬರೀ ಊರಿನ ಹೆಸರು ಕೊಟ್ಟು ಹುಡುಕಿಸಬೇಡಿ. ಶಹಾಬಾದ್ ಎಂದರೆ ಕಂಪ್ಯೂಟರು ಹರ್ಯಾಣಕ್ಕೋ ಉತ್ತರಪ್ರದೇಶದ ಹರ್ದೋಯಿಗೋ ಹೊರಟೀತು. ವಾಡಿ ಎಂದರೆ ನಾಗಪುರದ ಪಕ್ಕಕ್ಕೆ. ಪಿನ್ ಕೋಡ್ ಜೊತೆಗಿರಲಿ, ಇಲ್ಲಿನ ವಾಡಿಗೆ 585225. ಜಿಲ್ಲೆಯ ಕಾಲಂನಲ್ಲಿ ಕಲಬುರಗಿಯ ಬದಲು ಗುಲ್ಬರ್ಗಾ ಎಂದಿದ್ದರೆ ಕಡತ 2014ರ ನವೆಂಬರಿಗಿಂತ ಹಳೆಯದು, ಇಲ್ಲವೇ ಬರೆದವರು ಹಳಬರು.

ಮನೆ ನಂಬರಿನ ಬಳಿ ನಿಧಾನಿಸಿ. ಇಲ್ಲಿನ ಬಾಗಿಲುಗಳಿಗೆ ನಂಬರಿನ ಬರವಿಲ್ಲ: ಪಂಚಾಯಿತಿಯದೊಂದು, ಜನಗಣತಿಯವರು ಬರೆದುಹೋದದ್ದೊಂದು, ಜೆಸ್ಕಾಂ ವಿದ್ಯುತ್ ಮೀಟರಿನ ಆರ್.ಆರ್. ನಂಬರು, ಮೇಲೆ 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಸ್ಟಿಕ್ಕರು. ಇವುಗಳಲ್ಲಿ ವಿಳಾಸ ಯಾವುದು ಎಂದು ಮನೆಯವರನ್ನೇ ಕೇಳಿ. “ಮಸೂತಿ ದಾಟಿ ಗಿರಣಿ ಬಲ್ಲಿ ನಮ್ಮ ಕಾಕಾನ ಹೆಸ್ರು ಹೇಳ್ರಿ, ಯಾರರ ತೋರಸ್ತಾರ” ಎನ್ನುತ್ತಾರೆ. ಮಸೀದಿ, ಗಿರಣಿ ಬರೆದುಕೊಳ್ಳಿ. ಕಾಕಾನ ಹೆಸರು ಬೇಡ; ಮನೆಯಲ್ಲಿ ವಾಸವಿರುವವರ ಹೆಸರು ನಕಾಶೆಗೆ ಸಲ್ಲದು. ಅಂದರೆ ಇಡೀ ಓಣಿಗೆ ಗೊತ್ತಿರುವ ವಿಳಾಸವನ್ನೇ ನೀವು ಹೊರಗಿಟ್ಟಂತಾಯಿತು. ಅಂಚೆ ಇಲಾಖೆಯ ಡಿಜಿಪಿನ್ ಇದೆಯಲ್ಲ ಎನ್ನಬಹುದು. ಅದು ದೇಶವನ್ನೇ ಸುಮಾರು 4 ಮೀಟರಿನ ಚೌಕಗಳಾಗಿ ಕೊಯ್ದು, ಒಂದೊಂದಕ್ಕೂ 10 ಅಕ್ಷರದ ಗುರುತು ಕೊಟ್ಟಿದೆ. ಪಡಸಾಲೆಗೊಂದು, ಎಮ್ಮೆ ಕಟ್ಟುವ ಜಾಗಕ್ಕಿನ್ನೊಂದು ಬಂದರೆ ಗಾಬರಿಯಾಗಬೇಡಿ.

ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನ ಲಂಬಾಣಿ ತಾಂಡಾಗಳಿಗೆ ಬಂದಾಗ ಕಡತದಲ್ಲಿ ಏನೂ ಸಿಗದಿದ್ದರೆ ಮತ್ತೆ ಇಳಿಸಿಕೊಂಡು ಪ್ರಯೋಜನವಿಲ್ಲ. ಉಪಗ್ರಹ ಚಿತ್ರದಿಂದ ಯಂತ್ರ ಗುರುತಿಸಿದ ಚಾವಣಿಗಳು ಇರಬಹುದು, ಹೆಸರಿರದು. ಈ ಸೀಮೆಯ ಎಷ್ಟೋ ತಾಂಡಾಗಳು ತಲೆಮಾರುಗಳ ಕಾಲ ಕಂದಾಯ ದಾಖಲೆಯಲ್ಲೇ ಊರುಗಳಾಗಿರಲಿಲ್ಲ. 2023ರ ಜನವರಿ 19ರಂದು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಪ್ರಧಾನಿ ಇಂಥ ಊರಿನವರಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಗೆ ಬಂದರು. ಕಲಬುರಗಿಯೂ ಸೇರಿ ಐದು ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. ಸರ್ಕಾರದ ಕಾಗದಕ್ಕೇ ಇಷ್ಟು ತಡವಾಗಿ ಬಂದ ಊರು ನಿಮ್ಮ ಕಡತದಲ್ಲಿ ಎಲ್ಲಿಂದ ಬರಬೇಕು?

ಸುರಿಯುವ ಮುನ್ನ ಪರವಾನಗಿ ಓದಿ, ಇತರ ನಕಾಶೆಗಾರರ ಮುಂದೆ ಯೋಜನೆ ಇಡಿ, ಅದಕ್ಕೆಂದೇ ಬೇರೆ ಖಾತೆ ತೆರೆಯಿರಿ. ಗೂಗಲ್ ನಕಾಶೆ ನೋಡಿ ನಕಲು ಮಾಡಬೇಡಿ. ತಾಂಡಾಕ್ಕೆ ಹೋಗಿ ಹೆಸರು ಕೇಳಿ. ಇಬ್ಬರು ಎರಡು ಹೆಸರು ಹೇಳಿದರೆ ಜಗಳ ಬಿಡಿಸಲು ಹೋಗದೆ ಎರಡನ್ನೂ ಬರೆದುಕೊಳ್ಳಿ; ಪರ್ಯಾಯ ಹೆಸರಿಗೂ ಟ್ಯಾಗ್ ಇದೆ.