ಬಿತ್ತಿದ್ದು ಯಾರಯ್ಯಾ?

ಥೀಸಿಸ್ಸನ್ನು ಓದದೆ ಸಹಿ ಹಾಕುವ ಗೈಡು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ನಾವು ಮಾಡಿರಲಿಲ್ಲ. ನಮ್ಮ ಮೇಷ್ಟ್ರು ಓದುತ್ತಿದ್ದರು. ಅದೂ ಕೆಂಪು ಪೆನ್ನು ಹಿಡಿದು, ಅಡಿಟಿಪ್ಪಣಿಯನ್ನೂ ಬಿಡದೆ.

5ಕ್ಕೂ ಕೆ.ಜಿ.ಗೂ ನಡುವೆ ಜಾಗ ಬಿಡದಿದ್ದರೆ ಒಂದು ಗೆರೆ. ಗಿಡದ ಲ್ಯಾಟಿನ್ ಹೆಸರು ಓರೆಯಕ್ಷರದಲ್ಲಿ ಇಲ್ಲದಿದ್ದರೆ ಎರಡು. ಯಾರಾದರೂ ‘ಸಿಗ್ನಿಫಿಕೆಂಟ್’ ಎಂದು ಬರೆದರೋ, “ಪಿ ವ್ಯಾಲ್ಯೂ ಎಲ್ಲಿ? ನಿನ್ನ ಕಣ್ಣಿಗೆ ಬಿದ್ದದ್ದೆಲ್ಲ ಸಿಗ್ನಿಫಿಕೆಂಟ್ ಅಲ್ಲ ಕಣಯ್ಯ.” ‘ಡೇಟಾ’ ಏಕವಚನವೋ ಬಹುವಚನವೋ ಎಂಬ ವಿಷಯಕ್ಕೆ ಪಕ್ಕದ ವಿಭಾಗದ ಪ್ರೊಫೆಸರರ ಜೊತೆ ಮಾತು ಬಿಟ್ಟಿದ್ದರು. ‘ಮೈಕ್ರೋಸ್ಕೋಪ್ ಬಳಸಿ ಎಲೆಗಳು ಪರೀಕ್ಷಿಸಲ್ಪಟ್ಟವು’ ಎಂಬ ಧಾಟಿಯ ವಾಕ್ಯ ಕಂಡರೆ, “ಎಲೆಗೆ ಮೈಕ್ರೋಸ್ಕೋಪ್ ಹಿಡಿಯೋಕೆ ಕಲಿಸಿದವರು ಯಾರು?” ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು.

ನಾವಾದರೂ ಬಿಎಸ್ಸಿ ಪ್ರಾಕ್ಟಿಕಲ್ ರೆಕಾರ್ಡ್ ಬರೆದು ಬೆಳೆದವರು. ಅಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಆಮ್ಲ ಸುರಿಯಲ್ಪಡುತ್ತದೆ, ಬೀಕರು ಕಾಯಿಸಲ್ಪಡುತ್ತದೆ, ಬಣ್ಣ ಗಮನಿಸಲ್ಪಡುತ್ತದೆ. ಇಡೀ ಲ್ಯಾಬಿನಲ್ಲಿ ದೆವ್ವ ಓಡಾಡಿಕೊಂಡಿದೆ ಎನ್ನಬೇಕು. ಬೀಕರು ಒಡೆದಾಗ ಮಾತ್ರ ಅಟೆಂಡರು ನಮ್ಮ ಹೆಸರು ಹಿಡಿದು ಕೂಗುತ್ತಿದ್ದ.

ನನ್ನ ಜೊತೆಯವನದು ರಾಗಿಯ ಮೇಲೆ ಕೆಲಸ. ಒಂದು ಮಧ್ಯಾಹ್ನ ಅವನ ಅಧ್ಯಾಯ ಮೇಷ್ಟ್ರ ಟೇಬಲ್ಲಿನ ಮೇಲೆ, ನನ್ನದು ಕಂಕುಳಲ್ಲಿ. ‘ಸೀಡ್ಸ್ ವರ್ ಸೋನ್’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

“ಬಿತ್ತಿದ್ದು ಯಾರಯ್ಯಾ?”

“ಸೈನ್ಸಲ್ಲಿ ಹಂಗೇ ಬರೆಯೋದು ಸಾರ್.”

ಡ್ರಾಯರಿನಿಂದ ಹಳೆಯದೊಂದು ಜೆರಾಕ್ಸ್ ಹೊರಬಂತು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ‘ನೇಚರ್’ನಲ್ಲಿ ಬರೆದ ಡಿಎನ್‌ಎ ಲೇಖನ. ಒಂದು ಪುಟ ದಾಟಿ ಸ್ವಲ್ಪ, ಅಷ್ಟೇ.

“ಮೊದಲನೇ ಪದ ಓದು.”

“‘ವಿ’ ಸಾರ್.”

“ಅವರಿಗೇ ‘ನಾವು’ ಅನ್ನೋಕೆ ನಾಚಿಕೆ ಇಲ್ಲ. ರಾಗಿ ಬಿತ್ತಿದ ನಿನಗೇನಯ್ಯಾ?”

ಗೆಳೆಯ ಬೆವರೊರೆಸಿಕೊಂಡು ‘ಐ’ ಹಾಕಿ ತಿದ್ದಿದ. ಮೇಷ್ಟ್ರು ಕನ್ನಡಕ ಇಳಿಸಿದರು.

“ನೀನಾ? ಆ ತಿಂಗಳು ಅಕ್ಕನ ಮದುವೆ ಅಂತ ರಜಾ ಹಾಕಿದ್ದೆಯಲ್ಲಪ್ಪ!”

ಬಿತ್ತಿದ್ದು, ಕಳೆ ಕಿತ್ತದ್ದು, ಪ್ಲಾಟಿನ ಗೂಟಗಳ ಚೀಟಿ ಮಳೆಗೆ ಕೊಚ್ಚಿಹೋಗದಂತೆ ಕಾಯ್ದದ್ದು ಎಲ್ಲ ಫಾರ್ಮಿನ ದಿನಗೂಲಿ ಹೆಂಗಸು. ಆಕೆಯ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. “ಹೋಗಿ ಕೇಳ್ಕೊಂಡು ಬಾ” ಎಂದು ಉರಿಬಿಸಿಲಿಗೆ ಅಟ್ಟಿದರು. ಅವನ ಹಿಂದೆಯೇ ನಾನೂ ಜಾರಿಕೊಂಡೆ. ನನ್ನ ಅಧ್ಯಾಯದ ತುಂಬ ದೆವ್ವಗಳೇ. ಮುಂದೆ ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ಆಕೆಯ ಹೆಸರು ಕುಲಪತಿಗಳಿಗಿಂತ ಮೇಲೆ ಬಂದು ಅದೇ ಒಂದು ಗಲಾಟೆಯಾಯಿತು.

ಬೈದ ಮೇಲೆ ಕಾಫಿ ಕುಡಿಸುತ್ತಿದ್ದರು, ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಕೈಗಿಡುತ್ತಿದ್ದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ನೆನೆದು, “ನೋಡು, ಸಸ್ಯಶಾಸ್ತ್ರ ಅಕಾಡೆಮಿಯವರಿಗೂ ಅರ್ಥ ಆಗಿದೆ” ಎಂದು ನಗುತ್ತಿದ್ದರು.

ಈಗಿನ ಹುಡುಗರು ಅಧ್ಯಾಯವನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಕಾಮಾ, ಆರ್ಟಿಕಲ್ಲು ಎಲ್ಲ ಚೊಕ್ಕವಾಗಿ ಬರುತ್ತವೆ. ಅಕ್ಕನ ಮದುವೆ ಯಾವ ತಿಂಗಳು ಎಂಬುದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ.

ನಿವೃತ್ತರಾದ ಮೇಲೆ ಮೇಷ್ಟ್ರ ಪೆನ್ನಿಗೆ ಲಗ್ನಪತ್ರಿಕೆಗಳೇ ಗತಿ. ಮೊನ್ನೆ ಅವರ ಅಪಾರ್ಟ್‌ಮೆಂಟಿನಲ್ಲಿ ‘ನಾಳೆ ನೀರಿನ ಟ್ಯಾಂಕು ಶುಚಿಗೊಳಿಸಲ್ಪಡುವುದು’ ಎಂಬ ನೋಟಿಸು ಬಿತ್ತಂತೆ. ಕೆಳಗೆ ಕೆಂಪಿನಲ್ಲಿ ‘ಯಾರಿಂದ?’ ಎಂದು ಬರೆದು ಬಂದರು. ಕಾರ್ಯದರ್ಶಿ ಖಜಾಂಚಿಯನ್ನು ಕೇಳಿದರು, ಖಜಾಂಚಿ ವಾಚ್‌ಮನ್ನನ್ನು ಕೇಳಿದರು. ಯಾರೂ ಯಾರಿಗೂ ಹೇಳಿರಲೇ ಇಲ್ಲ. ಅಷ್ಟರಲ್ಲಿ ಮನೆಯಲ್ಲಿದ್ದ ಬಕೆಟ್ಟು, ಬಿಂದಿಗೆ, ಕುಕ್ಕರುಗಳನ್ನೆಲ್ಲ ತುಂಬಿಸಿಟ್ಟಿದ್ದ ಮೂರನೇ ಮಹಡಿಯವರು ಮೇಷ್ಟ್ರನ್ನೇ ಬೈದರು.